ರುಜು ಯಾರದು?

ಕನ್ನಡದ ಹೆಂಗಸರು ಗಂಡನನ್ನು 'ನಮ್ಮ ಯಜಮಾನರು' ಎನ್ನುವುದು ಇಂದಿಗೂ ಪೂರ್ತಿಯಾಗಿ ಬಿಟ್ಟುಹೋಗಿಲ್ಲ. ಪೂಜೆಗೆ ಕುಳಿತು ಸಂಕಲ್ಪ ಮಾಡುವವನು ಯಜಮಾನ. ಪಕ್ಕದಲ್ಲಿ ಕುಳಿತ ಹೆಂಡತಿ ಅವನ ಕೈ ಮುಟ್ಟಿಕೊಂಡಿದ್ದರೆ ಸಾಕು, ಸಂಕಲ್ಪ ಇಬ್ಬರದೂ ಆಗಿಬಿಡುತ್ತದೆ. ಹೊಟ್ಟೆಪಾಡಿಗೆಂದು ಹೊರನಾಡಿಗೆ ಬಂದ ನಮ್ಮ ಸಂಸಾರಗಳಲ್ಲಿ ಈ ಯಜಮಾನಿಕೆ ಬಹಳಷ್ಟು ಕರಗಿದೆ ಎಂಬುದು ನಿಜ. ಬೆಳಗಿನ ಲೋಕಲಿಗೆ ಇಬ್ಬರೂ ಓಡುತ್ತಾರೆ, ಬ್ಯಾಂಕಿನ ಖಾತೆ ಇಬ್ಬರ ಹೆಸರಿನಲ್ಲಿದೆ, ಯಾವ ಬಣ್ಣದ ಪರದೆ ಎಂಬುದರಿಂದ ಹಿಡಿದು ಮಗ ಯಾವ ಕಾಲೇಜಿಗೆ ಎಂಬುದರ ತನಕ ಹೆಂಡತಿಯ ಮಾತೇ ಮೇಲು. ಆದರೆ ಮನೆಗೆ ದೊಡ್ಡ ಕಾಯಿಲೆ ಕಾಲಿಟ್ಟ ದಿನ ಕರಗಿದ್ದ ಯಜಮಾನ ಮತ್ತೆ ಗಟ್ಟಿಯಾಗಿ ಎದ್ದು ಕೂರುತ್ತಾನೆ. ರಿಪೋರ್ಟಿನ ಲಕೋಟೆ ಅವನ ಕೈಗೆ ಹೋಗುತ್ತದೆ. ಡಾಕ್ಟರರು 'ಪೇಷಂಟಿನ ಕಡೆಯವರು ಯಾರು?' ಎಂದು ಕೇಳಿದರೆ ಅವನು ಒಳಗೆ ಹೋಗುತ್ತಾನೆ, ಪೇಷಂಟು ಹೊರಗಿನ ಬೆಂಚಿನ ಮೇಲೆ ಕುಳಿತಿರುತ್ತಾಳೆ.

ಸ್ತನದ ಕ್ಯಾನ್ಸರ್ ಈಗ ನಮ್ಮ ದೇಶದ ಹೆಂಗಸರಲ್ಲಿ ಎಲ್ಲಕ್ಕಿಂತ ಹೆಚ್ಚಾಗಿ ಕಾಣುವ ಕ್ಯಾನ್ಸರ್. 2022ರ ಅಂತಾರಾಷ್ಟ್ರೀಯ ಅಂದಾಜಿನ ಪ್ರಕಾರ ಆ ಒಂದು ವರ್ಷದಲ್ಲಿ ಭಾರತದಲ್ಲಿ ಹೊಸದಾಗಿ ಇದಕ್ಕೆ ಗುರಿಯಾದವರು ಸುಮಾರು 1,92,000 ಮಂದಿ. ಅಂದರೆ ನಮ್ಮ ಸಂಘದ ಸದಸ್ಯರ ಪಟ್ಟಿಯಲ್ಲಿ ಈ ಬೆಂಚನ್ನು ಕಾಣದ ಕುಟುಂಬಗಳು ಇನ್ನು ಕೆಲವು ವರ್ಷಗಳಲ್ಲಿ ಕಡಿಮೆಯಾದಾವು. ಹೀಗಿರುವಾಗ, ಬಯಾಪ್ಸಿಯ ಫಲಿತಾಂಶ ಬಂದ ಮೇಲೆ ಮುಂದೇನು ಎಂದು ತೀರ್ಮಾನಿಸಬೇಕಾದವರು ಯಾರು, ಗಂಡನಾದವನ ಧರ್ಮ ಅಲ್ಲಿ ಎಲ್ಲಿಂದ ಎಲ್ಲಿಯವರೆಗೆ ಎಂಬುದನ್ನು ಕಾಯಿಲೆ ಬರುವ ಮೊದಲೇ ಯೋಚಿಸಿಟ್ಟರೆ ತಪ್ಪೇನೂ ಇಲ್ಲ. ಅಪಶಕುನ ಎನ್ನುವವರು ಪುಟ ತಿರುವಬಹುದು.

ಮೊದಲು ಬರುವುದು ಹೇಳುವ ಪ್ರಶ್ನೆ. 'ಅವಳಿಗೆ ಹೇಳಬೇಡಿ, ತಡಕೊಳ್ಳಲಾರಳು' ಎಂದು ಡಾಕ್ಟರರ ಕೈಹಿಡಿದು ಬೇಡಿಕೊಳ್ಳುವ ಗಂಡಂದಿರು ಕೆಟ್ಟವರಲ್ಲ. ಅವರಿಗೆ ಬೆಂಬಲವಾಗಿ ನಮ್ಮ ಪುರಾಣದಲ್ಲೇ ದೊಡ್ಡ ಉದಾಹರಣೆಯೊಂದಿದೆ. ಮಹಾಭಾರತದ ಸಾವಿತ್ರಿಗೆ ಗಂಡನ ಆಯುಷ್ಯ ಇನ್ನೊಂದೇ ವರ್ಷ ಎಂದು ನಾರದರು ಮದುವೆಗೆ ಮೊದಲೇ ತಿಳಿಸಿದ್ದರು. ಅವಳು ಒಂದು ವರ್ಷ ಕಾಲ ದಿನ ಎಣಿಸಿದಳು; ಸತ್ಯವಾನನಿಗೆ ಮಾತ್ರ ಒಂದು ಮಾತೂ ಹೇಳಲಿಲ್ಲ. ಅವನು ಎಂದಿನಂತೆ ಕೊಡಲಿ ಹಿಡಿದು ಕಾಡಿಗೆ ಹೊರಟ. ಈ ಕಥೆಯನ್ನು ಹರಿಕಥೆಯಲ್ಲಿ ಕೇಳಿ ನಾವೆಲ್ಲ ಕಣ್ಣೊರೆಸಿಕೊಂಡಿದ್ದೇವೆ. ಸತ್ಯವಾನನಿಗೆ ಗೊತ್ತಿರಬೇಕಿತ್ತೆ ಎಂದು ಯಾರೂ ಕೇಳಿದಂತಿಲ್ಲ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಸತ್ಯವಾನ ಮಾಡಬೇಕಾದದ್ದು ಏನೂ ಇರಲಿಲ್ಲ. ಹೆಂಡತಿಯ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದರೆ ಸಾಕಿತ್ತು, ಯಮನ ಬೆನ್ನುಹತ್ತಿ ವಾದ ಮಾಡುವ ಕೆಲಸವೆಲ್ಲ ಅವಳದು. ನಮ್ಮ ಮನೆಯಾಕೆಯ ಪಾಡು ಹಾಗಲ್ಲ. ಮೂರು ವಾರಕ್ಕೊಮ್ಮೆ ಸೂಜಿಗೆ ಕೈಯೊಡ್ಡಬೇಕಾದವಳು ಅವಳು, ಬಾಚಣಿಗೆಯ ತುಂಬ ಕೂದಲು ಬರುವುದನ್ನು ನೋಡಬೇಕಾದವಳು ಅವಳು, ವಾಂತಿಯ ನಡುವೆ ಇನ್ನೊಂದು ತುತ್ತು ಗಂಜಿ ಇಳಿಸಬೇಕಾದವಳೂ ಅವಳೇ. ಯಾವ ಯುದ್ಧವೆಂದು ತಿಳಿಸದೆ ಯಾರನ್ನಾದರೂ ರಣರಂಗಕ್ಕೆ ಕಳಿಸುವುದುಂಟೆ? ಗಂಡನೇ ಯಮನೊಡನೆ ನೇರವಾಗಿ ಮಾತಾಡಿ ಬಗೆಹರಿಸಿಕೊಂಡು ಬರಬಲ್ಲವನಾದರೆ ಬೇರೆ ಮಾತು.

ಮುಚ್ಚಿಡುವುದು ಗಂಡಸರಿಗೇ ಮೀಸಲಾದ ವಿದ್ಯೆ ಎಂದೂ ಅಲ್ಲ. ಇಂಗ್ಲೆಂಡಿನ ಕಾದಂಬರಿಗಾರ್ತಿ ಫ್ಯಾನಿ ಬರ್ನಿ 1811ರಲ್ಲಿ ಪ್ಯಾರಿಸ್ಸಿನ ತಮ್ಮ ಮನೆಯಲ್ಲೇ ಸ್ತನದ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡರು. ಅರಿವಳಿಕೆ ಎಂಬುದು ಇನ್ನೂ ಹುಟ್ಟಿರದ ಕಾಲ. ಆ ಹೊತ್ತಿನಲ್ಲಿ ಗಂಡ ಮನೆಯಲ್ಲಿರದಂತೆ ಅವರೇ ಏರ್ಪಾಡು ಮಾಡಿದ್ದರು. ಎಲ್ಲ ಮುಗಿದ ಮೇಲೆಯೇ ಆತನಿಗೆ ತಿಳಿದದ್ದು. ಆಮೇಲೆ ಆಕೆ 1840ರವರೆಗೆ ಬಾಳಿದರು. ನಮ್ಮ ಹೆಂಗಸರು ಇದಕ್ಕಿಂತ ಸದ್ದಿಲ್ಲದೆ ಮುಚ್ಚಿಡುತ್ತಾರೆ. ಕೈಗೆ ಸಿಕ್ಕ ಗಂಟನ್ನು 'ಮಗಳ ಪರೀಕ್ಷೆ ಮುಗಿಯಲಿ', 'ಶ್ರಾವಣ ಕಳೆಯಲಿ', 'ಅತ್ತೆಯವರು ಊರಿಗೆ ಹೊರಡಲಿ' ಎಂದು ತಿಂಗಳುಗಟ್ಟಲೆ ಸೆರಗಿನ ಮರೆಯಲ್ಲಿ ಹೊತ್ತು ತಿರುಗುತ್ತಾರೆ. ನೋವಿಲ್ಲವಲ್ಲ ಎಂಬ ಸಮಾಧಾನ ಬೇರೆ. ಈ ಗಂಟು ಆರಂಭದಲ್ಲಿ ಬಹುಮಟ್ಟಿಗೆ ನೋಯುವುದೇ ಇಲ್ಲ.

ಹೇಳುವುದಕ್ಕಿಂತ ಗಹನವಾದದ್ದು ತೀರ್ಮಾನದ ಪ್ರಶ್ನೆ. ಕಾನೂನಿನ ಮಾತು ಇಲ್ಲಿ ಸ್ಪಷ್ಟವಾಗಿದೆ. 1995ರಲ್ಲಿ ದಿಲ್ಲಿಯಲ್ಲಿ 44 ವರ್ಷದ ಮಹಿಳೆಯೊಬ್ಬರು ಒಂದು ಪರೀಕ್ಷೆಗೆಂದು ಅರಿವಳಿಕೆ ತೆಗೆದುಕೊಂಡಿದ್ದಾಗ, ಹೊರಗೆ ಕುಳಿತಿದ್ದ ತಾಯಿಯ ಒಪ್ಪಿಗೆ ಪಡೆದು ಆಕೆಯ ಗರ್ಭಕೋಶವನ್ನೂ ಅಂಡಾಶಯಗಳನ್ನೂ ತೆಗೆಯಲಾಯಿತು. ಸಮೀರಾ ಕೊಹ್ಲಿ ಮೊಕದ್ದಮೆ ಎಂದು ಹೆಸರಾದ ಆ ದಾವೆಯಲ್ಲಿ ಸರ್ವೋಚ್ಚ ನ್ಯಾಯಾಲಯ 2008ರ ಜನವರಿ 16ರಂದು ತೀರ್ಪು ಕೊಟ್ಟಿತು: ಜೀವಕ್ಕೆ ಆ ಕ್ಷಣದ ಅಪಾಯವಿಲ್ಲದಿದ್ದಾಗ, ಬುದ್ಧಿ ಸ್ವಾಧೀನದಲ್ಲಿರುವ ವಯಸ್ಕಳ ಪರವಾಗಿ ಹೆತ್ತ ತಾಯಿಯೂ ಒಪ್ಪಿಗೆ ಕೊಡಲಾರಳು. ಹೆತ್ತವಳಿಗೇ ಇಲ್ಲದ ಅಧಿಕಾರ ಕೈಹಿಡಿದವನಿಗೆ ಎಲ್ಲಿಂದ ಬಂದೀತು? ಆಸ್ಪತ್ರೆಯ ಒಪ್ಪಿಗೆ ಪತ್ರದಲ್ಲಿ ಸಂಬಂಧಿಕರ ರುಜುವಿಗೂ ಒಂದು ಗೆರೆ ಇರುವುದುಂಟು. ಅದು ಸಾಕ್ಷಿಯ ಗೆರೆ, ಒಡೆತನದ್ದಲ್ಲ. ಕೌರವರ ಸಭೆಯಲ್ಲಿ ದ್ರೌಪದಿ ಕೇಳಿದ ಪ್ರಶ್ನೆಗೆ ಭೀಷ್ಮರು ಧರ್ಮ ಸೂಕ್ಷ್ಮವೆಂದು ಹೇಳಿ ತಪ್ಪಿಸಿಕೊಂಡರು. ಆಸ್ಪತ್ರೆಯ ಮಟ್ಟಿಗಾದರೂ ನಮ್ಮ ನ್ಯಾಯಾಲಯ ಹಾಗೆ ತಪ್ಪಿಸಿಕೊಳ್ಳಲಿಲ್ಲ.

ಆದರೆ ಕಾನೂನು ಹೇಳಿದ್ದಕ್ಕೆಲ್ಲ ಮನಸ್ಸು ಹೂಂಗುಡುವುದಿಲ್ಲ. 'ನಮಗೇನು ಗೊತ್ತು, ಡಾಕ್ಟರರು ಹೇಳಿದಂತೆ' ಎಂಬುದು ನಮ್ಮ ಕಡೆಯವರ ಮಾಮೂಲು ಮಾತು. ಈ ಕಾಯಿಲೆಯ ಚರಿತ್ರೆಯನ್ನು ಸ್ವಲ್ಪ ನೋಡಿದರೆ ಆ ಮಾತು ಅರ್ಧ ಮಾತ್ರ ಸರಿ ಎಂದು ತಿಳಿಯುತ್ತದೆ. ಅಮೆರಿಕದ ವಿಲಿಯಂ ಹಾಲ್‌ಸ್ಟೆಡ್ ಎಂಬ ಶಸ್ತ್ರವೈದ್ಯರು ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸ್ತನವನ್ನಷ್ಟೇ ಅಲ್ಲದೆ ಅದರಡಿಯ ಎದೆಯ ಸ್ನಾಯುಗಳನ್ನೂ ಕಂಕುಳ ಗ್ರಂಥಿಗಳನ್ನೂ ಒಟ್ಟಿಗೆ ತೆಗೆಯುವ ಪದ್ಧತಿಯನ್ನು ರೂಢಿಗೆ ತಂದರು. ಹೆಚ್ಚು ಕತ್ತರಿಸಿದಷ್ಟೂ ಕ್ಷೇಮ ಎಂಬ ಆ ನಂಬಿಕೆ ಮುಕ್ಕಾಲು ಶತಮಾನ ಆಳಿತು. ಗಂಟನ್ನು ಪರೀಕ್ಷಿಸಲೆಂದು ಅರಿವಳಿಕೆ ಕೊಟ್ಟು, ಕ್ಯಾನ್ಸರೆಂದು ಕಂಡರೆ ಅದೇ ಮೇಜಿನ ಮೇಲೆ ಸ್ತನವನ್ನು ತೆಗೆದುಬಿಡುವುದು ಅಲ್ಲಿ ವಾಡಿಕೆಯಾಗಿತ್ತು. ಎಚ್ಚರವಾದಾಗ ಹೆಂಗಸು ತನ್ನ ಎದೆಯನ್ನು ತಾನೇ ತಡವಿ ಸುದ್ದಿ ತಿಳಿಯಬೇಕು. 1974ರಲ್ಲಿ ತನಗೇ ಈ ಕಾಯಿಲೆ ಬಂದಾಗ ರೋಸ್ ಕುಷ್ನರ್ ಎಂಬ ಪತ್ರಕರ್ತೆ ಇದಕ್ಕೆ ಒಪ್ಪಲಿಲ್ಲ. ಮೊದಲು ಪರೀಕ್ಷೆ, ಆಮೇಲೆ ನನ್ನೊಡನೆ ಮಾತು, ಆಮೇಲೆ ಕತ್ತರಿ ಎಂದು ಹಟ ಹಿಡಿದರು, ಬರೆದರು, ವಾದಿಸಿದರು. 1979ರಲ್ಲಿ ಅಮೆರಿಕದ ತಜ್ಞರ ಸಭೆಯೇ ಪರೀಕ್ಷೆ ಬೇರೆ, ಶಸ್ತ್ರಚಿಕಿತ್ಸೆ ಬೇರೆ ಎಂಬುದನ್ನು ಎತ್ತಿಹಿಡಿಯಿತು.

ಅಷ್ಟರಲ್ಲಿ ಇಟಲಿಯಲ್ಲಿ ಉಂಬೆರ್ತೊ ವೆರೊನೇಸಿಯವರೂ ಅಮೆರಿಕದಲ್ಲಿ ಬರ್ನಾರ್ಡ್ ಫಿಷರ್ ಅವರೂ ನಂಬಿಕೆಯನ್ನು ಲೆಕ್ಕಕ್ಕೆ ಹಚ್ಚಿದರು. ಗಂಟು ಚಿಕ್ಕದಾಗಿ, ಆರಂಭದ ಹಂತದಲ್ಲಿದ್ದ ಹೆಂಗಸರಲ್ಲಿ ಕೆಲವರಿಗೆ ಸ್ತನವನ್ನು ತೆಗೆದು, ಕೆಲವರಿಗೆ ಗಂಟಿನ ಭಾಗವನ್ನಷ್ಟೇ ತೆಗೆದು ಕಿರಣ ಚಿಕಿತ್ಸೆ ಕೊಟ್ಟು ವರ್ಷಗಟ್ಟಲೆ ಕಾದರು. ಮೊದಲ ಫಲಿತಾಂಶಗಳು 1981 ಮತ್ತು 1985ರಲ್ಲಿ ಬಂದವು. 20 ವರ್ಷಗಳ ಲೆಕ್ಕ 2002ರಲ್ಲಿ ಪ್ರಕಟವಾಯಿತು. ಉಳಿದ ಸ್ತನದಲ್ಲಿ ಕಾಯಿಲೆ ಮರುಕಳಿಸುವ ಸಂಭವ ತುಸು ಇದ್ದರೂ, ಬದುಕಿ ಉಳಿದವರ ಪ್ರಮಾಣದಲ್ಲಿ ಎರಡು ಗುಂಪಿಗೂ ವ್ಯತ್ಯಾಸ ಕಾಣಲಿಲ್ಲ.

ಇದರ ಅರ್ಥವನ್ನು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕು. ಎರಡು ದಾರಿಯಲ್ಲೂ ಆಯುಷ್ಯ ಸರಿಸಮವಾಗಿದ್ದರೆ, ಯಾವ ದಾರಿ ಎಂಬುದು ವೈದ್ಯಶಾಸ್ತ್ರದ ಪ್ರಶ್ನೆಯಾಗಿ ಉಳಿಯುವುದಿಲ್ಲ. ಹೇಗೆ ಬದುಕಬೇಕೆಂಬ ಪ್ರಶ್ನೆಯಾಗುತ್ತದೆ. ಅದನ್ನು ಬದುಕುವವಳಲ್ಲದೆ ಇನ್ನಾರು ಬಿಡಿಸಬಲ್ಲರು? ಡೊಂಬಿವಿಲಿಯ ಒಂದು ಸಂಸಾರವನ್ನು ಕಲ್ಪಿಸಿಕೊಳ್ಳಿ. ಶಸ್ತ್ರವೈದ್ಯರು ಎರಡೂ ದಾರಿಗಳನ್ನು ಮುಂದಿಡುತ್ತಾರೆ. ಗಂಡ ತಕ್ಷಣ, 'ಪೂರ್ತಿ ತೆಗೆದುಬಿಡಿ ಡಾಕ್ಟ್ರೇ, ರಿಸ್ಕು ಬೇಡ' ಎನ್ನುತ್ತಾನೆ. ಪ್ರೀತಿಯಿಂದಲೇ ಎನ್ನುತ್ತಾನೆ. ಆದರೆ ಆ ಮಾತು ಮೊದಲು ತೆಗೆಯುವುದು ಅವನ ಭಯವನ್ನು. ಹೆಂಡತಿ ನೆಲ ನೋಡುತ್ತಾಳೆ. ಅವಳ ಮನಸ್ಸಿನಲ್ಲಿ ಏನಿದೆಯೋ! ರವಿಕೆ ಹಾಕಿಕೊಳ್ಳುವಾಗ ದಿನವೂ ಕನ್ನಡಿಯಲ್ಲಿ ಕಾಣುವುದೇನೆಂಬ ಚಿಂತೆ ಇರಬಹುದು. ಅಥವಾ ತದ್ವಿರುದ್ಧವಾಗಿ, ಗಂಟು ಮಾತ್ರ ತೆಗೆಸಿಕೊಂಡರೆ ಮೂರರಿಂದ ಐದು ವಾರ, ವಾರಕ್ಕೆ ಐದು ದಿನ, ಕಿರಣ ಚಿಕಿತ್ಸೆಗೆಂದು ಆ ಲೋಕಲಿನಲ್ಲಿ ಪರೇಲಿನವರೆಗೆ ಹೇಗೆ ಹೋಗಲಿ ಎಂಬ ಲೆಕ್ಕವಿರಬಹುದು. ಅವಳೇ 'ತೆಗೆದುಬಿಡಿ' ಎನ್ನಬಹುದು. ಮಾತು ಒಂದೇ ಆದರೂ ಅವಳ ಬಾಯಿಂದ ಬಂದಾಗ ಅದು ಬೇರೆ ಮಾತು.

ಹಾಗಾದರೆ ಗಂಡನಾದವನು 'ನಿನ್ನಿಷ್ಟ' ಎಂದು ಬದಿಗೆ ಸರಿದರೆ ಮುಗಿಯಿತೆ? ಕನ್ನಡದಲ್ಲಿ 'ನಿನ್ನಿಷ್ಟ' ಎಂಬುದನ್ನು ಎರಡು ರಾಗಗಳಲ್ಲಿ ಹೇಳಬಹುದು. ಒಂದು ಗೌರವದ ರಾಗ. ಇನ್ನೊಂದು ಕೈತೊಳೆದುಕೊಳ್ಳುವ ರಾಗ. ಮೂವತ್ತು ವರ್ಷ ದೊಡ್ಡ ವಿಷಯ ಒಂದನ್ನೂ ಕೇಳದೆ, ಒಂದು ಮಧ್ಯಾಹ್ನ ಇದ್ದಕ್ಕಿದ್ದಂತೆ ತನ್ನ ದೇಹವನ್ನು ಕುಯ್ಯುವ ವಿಷಯವನ್ನೇ ನೀನೊಬ್ಬಳೇ ತೀರ್ಮಾನಿಸು ಎಂದರೆ ಅದು ಸ್ವಾತಂತ್ರ್ಯವಲ್ಲ, ಒಂಟಿತನ. ತೀರ್ಮಾನ ಅವಳದು; ಅವಳು ತೀರ್ಮಾನಿಸಲು ಬೇಕಾದುದನ್ನೆಲ್ಲ ಒದಗಿಸುವ ಹೊಣೆ ಇವನದು. ನಮ್ಮ ಮಟ್ಟಿಗೆ ಗಂಡನ ಧರ್ಮ ಇರುವುದು ಈ ಎರಡನೆಯದರಲ್ಲಿ, ಮತ್ತು ಇದು ಮೊದಲನೆಯದಕ್ಕಿಂತ ಕಷ್ಟದ್ದು.

ಹೊರನಾಡ ಕನ್ನಡಿಗರಿಗೆ ಈ ಹೊಣೆ ಇನ್ನೂ ಒಂದು ಕೈ ಹೆಚ್ಚು. ನಮ್ಮ ಹೆಂಗಸರಲ್ಲಿ ಅನೇಕರಿಗೆ ತರಕಾರಿ ಕೊಳ್ಳುವಷ್ಟು ಮರಾಠಿ, ಬಸ್ಸಿಗೆ ಸಾಲುವಷ್ಟು ಹಿಂದಿ ಬರುತ್ತದೆ. ಡಾಕ್ಟರರು ಇಂಗ್ಲಿಷಿನಲ್ಲೋ ಹಿಂದಿಯಲ್ಲೋ ಐದು ನಿಮಿಷ ಹೇಳುತ್ತಾರೆ. ಗಂಡ ಕನ್ನಡದಲ್ಲಿ ತಿರುಗಿಸುತ್ತಾನೆ: 'ಏನಿಲ್ಲ, ಒಂದು ಸಣ್ಣ ಆಪರೇಷನ್ನು, ಆಮೇಲೆ ಒಂದಿಷ್ಟು ಇಂಜೆಕ್ಷನ್ನು ಅಂತೆ.' ಐದು ನಿಮಿಷದ ಮಾತು ಅರ್ಧ ವಾಕ್ಯವಾಗುತ್ತದೆ. ಕೆಟ್ಟದ್ದೆಲ್ಲ ಜರಡಿಯಲ್ಲಿ ಉಳಿದು, ಕೆಳಗೆ ಬೀಳುವುದು ಗಂಡ ಬಯಸಿದಷ್ಟೇ ಹಿಟ್ಟು. ದುಭಾಷಿಯಾದವನು ಸಾಮ್ರಾಜ್ಯಗಳನ್ನೇ ಕೆಡವಬಲ್ಲ ಎನ್ನುತ್ತಾರೆ; ಒಂದು ಸಂಸಾರ ಯಾವ ಲೆಕ್ಕ? ಹೇಳಿದ್ದನ್ನು ಹೇಳಿದಷ್ಟೇ, ಹೇಳಿದ ಕ್ರಮದಲ್ಲೇ ಕನ್ನಡಕ್ಕೆ ತರುವುದು ಇಲ್ಲಿ ಸಾಹಿತ್ಯದ ಪ್ರಶ್ನೆಯಲ್ಲ, ನೀತಿಯ ಪ್ರಶ್ನೆ. ಅದು ಗಂಡನ ಗಂಟಲಿನಿಂದ ಹೊರಡದಿದ್ದರೆ ಕನ್ನಡ ಬಲ್ಲ ನರ್ಸನ್ನೋ, ಇದೇ ದಾರಿಯಲ್ಲಿ ನಡೆದು ಬಂದ ಬಳಗದ ಹೆಂಗಸನ್ನೋ ಜೊತೆಗೆ ಕರೆದೊಯ್ಯಬಹುದು. ಸಂಘಗಳೆಂಬುವು ಯುಗಾದಿಯ ಸಂಗೀತ ಕಚೇರಿಗೆ ಮಾತ್ರ ಇರಬೇಕೆಂದು ಎಲ್ಲಿಯೂ ಬರೆದಿಲ್ಲ.

ಕೇಳಬೇಕಾದ ಪ್ರಶ್ನೆಗಳನ್ನು ಅವಳ ಬಾಯಿಂದಲೇ ಹೇಳಿಸಿ ಒಂದು ನೋಟುಬುಕ್ಕಿನಲ್ಲಿ ಕನ್ನಡದಲ್ಲಿ ಬರೆದುಕೊಂಡು ಹೋಗುವುದು ಒಳ್ಳೆಯದು. ಯಾವ ಹಂತ, ಹಾರ್ಮೋನಿನ ಪರೀಕ್ಷೆ ಏನು ಹೇಳುತ್ತದೆ, ಹರ್-2 ಪರೀಕ್ಷೆ ಏನು ಹೇಳುತ್ತದೆ, ಔಷಧ ಮೊದಲೋ ಕತ್ತರಿ ಮೊದಲೋ, ಕೈ ಬಾತುಕೊಂಡರೆ ಏನು ಮಾಡಬೇಕು. ಈ ಪರೀಕ್ಷೆಗಳ ಫಲಿತಾಂಶ ಬರಲು ಹೇಗೂ ಕೆಲವು ದಿನ ಬೇಕು. ಇನ್ನೊಬ್ಬ ತಜ್ಞರ ಅಭಿಪ್ರಾಯ ಕೇಳಲು, ರಾತ್ರಿ ಇಬ್ಬರೇ ಕುಳಿತು ಮಾತಾಡಲು ಒಂದೆರಡು ವಾರ ತೆಗೆದುಕೊಂಡರೆ ಸಾಮಾನ್ಯವಾಗಿ ಹಾನಿಯಿಲ್ಲ. ಹಾನಿಯಿರುವುದು ತಿಂಗಳುಗಳಲ್ಲಿ.

ಎಲ್ಲ ವಿವರ ಕೇಳಿ ಅರಿತ ಮೇಲೆಯೂ ಕೆಲವರು 'ನೀವು ಹೇಗೆ ಹೇಳ್ತೀರೋ ಹಾಗೆ' ಎನ್ನುತ್ತಾರೆ. ಅದನ್ನು ಹಳೆಯ ಕಾಲದ ದಾಸ್ಯವೆಂದು ತಳ್ಳಿಹಾಕುವವರೊಡನೆ ನಮ್ಮ ಸಹಮತವಿಲ್ಲ. ಏನನ್ನು ಒಪ್ಪಿಸುತ್ತಿದ್ದೇನೆಂದು ತಿಳಿದು ಒಪ್ಪಿಸುವುದೂ ಒಂದು ತೀರ್ಮಾನವೇ.

ನಿಜವಾದ ಕಗ್ಗಂಟು ಇರುವುದು ಅವಳು 'ಬೇಡ' ಎಂದಾಗ. ಹರ್-2 ಪರೀಕ್ಷೆ ಪಾಸಿಟಿವ್ ಬಂದವರಿಗೆ ಟ್ರಾಸ್ಟುಜುಮ್ಯಾಬ್ ಎಂಬ ಔಷಧವನ್ನು ಸುಮಾರು ಒಂದು ವರ್ಷ ಕೊಡುವುದು ರೂಢಿ. 2014ರಲ್ಲಿ ಬೆಂಗಳೂರಿನ ಬಯೋಕಾನ್ ಸಂಸ್ಥೆ ಅದರ ಸ್ವದೇಶಿ ರೂಪವನ್ನು ಮಾರುಕಟ್ಟೆಗೆ ತಂದಿತು, ಬೇರೆ ಕಂಪನಿಗಳೂ ತಂದವು, ಬೆಲೆ ಇಳಿದಿದೆ. ಇಳಿದರೂ ಸಂಬಳದ ಮನೆಗೆ ಅದು ಹಗುರವಲ್ಲ. ಅವಳು ಎಲ್ಲವನ್ನೂ ತಿಳಿದು, ಫ್ಲ್ಯಾಟಿನ ಸಾಲವನ್ನೂ ಮಗಳ ಇಂಜಿನಿಯರಿಂಗ್ ಫೀಸನ್ನೂ ಬೆರಳಿನಲ್ಲಿ ಎಣಿಸಿ, 'ನನಗೆ ಇಷ್ಟು ಸಾಕು' ಎನ್ನುತ್ತಾಳೆ. ದೇಹ ಅವಳದು, ಮಾತು ಅವಳದು ಎಂದು ಇಷ್ಟುಹೊತ್ತು ವಾದಿಸಿದ ನಾವು ಈಗ ತಲೆಬಾಗಬೇಕೆ?

ಇಲ್ಲ ಎಂದೇ ನಮಗೆ ತೋರುತ್ತದೆ. ದೇಹ ಅವಳೊಬ್ಬಳದು, ಹಣ ಇಬ್ಬರದು. ಹಣದ ಕಾರಣಕ್ಕಾಗಿ ಅವಳು ಬೇಡವೆಂದರೆ ಅದು ಇಬ್ಬರ ವಸ್ತುವಿನ ಬಗ್ಗೆ ಅವಳೊಬ್ಬಳೇ ಮಾಡಿದ ತೀರ್ಮಾನ. ಅಲ್ಲಿ ಗಂಡನಿಗೆ ಪೂರ್ತಿ ಮಾತಿದೆ. ಅವನು ಕೇಳಬಹುದಾದ ಒಂದು ಪ್ರಶ್ನೆಯುಂಟು: 'ಇದೇ ಕಾಯಿಲೆ ನನಗೆ ಬಂದಿದ್ದರೆ, ಫ್ಲ್ಯಾಟು ಉಳಿಯಲಿ ಎನ್ನುತ್ತಿದ್ದೆಯಾ?' ನಮ್ಮ ಹೆಂಗಸರಲ್ಲಿ ಈ ಪ್ರಶ್ನೆಗೆ ಹೌದು ಎನ್ನುವವರನ್ನು ನಾವು ಕಂಡಿಲ್ಲ. ತವರಿನ ಬಳೆಯನ್ನು ಮೊದಲು ಬಿಚ್ಚಿಡುವವರು ಅವರೇ. ಬಾಲ್ಯದಿಂದಲೂ ಕೊನೆಯ ಪಂಕ್ತಿಯಲ್ಲಿ ಉಂಡವಳು ಔಷಧದ ಪಂಕ್ತಿಯಲ್ಲೂ ಕೊನೆಗೆ ನಿಲ್ಲುವುದನ್ನು ಅವಳ ಇಚ್ಛೆ ಎಂದು ಕರೆದು ಸುಮ್ಮನಾಗುವುದು ನಮಗೆ ಬಹಳ ಅನುಕೂಲವಾದ ಗೌರವ.

ಬೇರೆ ಬಗೆಯ 'ಬೇಡ'ವೂ ಇದೆ. ಕಾಯಿಲೆ ಆಗಲೇ ಮೂಳೆಗೋ ಶ್ವಾಸಕೋಶಕ್ಕೋ ಹರಡಿರುತ್ತದೆ. ಆಗ ಮನೆಯವರೆಲ್ಲ ಸೇರಿ 'ಏನಾದರೂ ಮಾಡಿ, ಕತ್ತರಿಸಿಯಾದರೂ ನೋಡಿ' ಎಂದು ಡಾಕ್ಟರರ ಬೆನ್ನುಬೀಳುತ್ತಾರೆ. ಪರೇಲಿನ ಟಾಟಾ ಸ್ಮಾರಕ ಆಸ್ಪತ್ರೆಯ ತಜ್ಞರು, ಕಂಡುಹಿಡಿದಾಗಲೇ ಹರಡಿಬಿಟ್ಟಿದ್ದ 350 ಮಂದಿ ಹೆಂಗಸರಲ್ಲಿ ಇದನ್ನೇ ಪರೀಕ್ಷಿಸಿ 2015ರಲ್ಲಿ ಪ್ರಕಟಿಸಿದರು. ಅಂಥವರಲ್ಲಿ ಸ್ತನದ ಗಂಟಿಗೆ ಶಸ್ತ್ರಚಿಕಿತ್ಸೆಯನ್ನೂ ಕಿರಣವನ್ನೂ ಕೊಟ್ಟದ್ದರಿಂದ ಆಯುಷ್ಯವೇನೂ ಹೆಚ್ಚಲಿಲ್ಲ. (ಆ ಆಸ್ಪತ್ರೆಯ ಹಿಂದೆಯೂ ಒಂದು ದಾಂಪತ್ಯದ ದುಃಖವಿದೆ: 1931ರಲ್ಲಿ ರಕ್ತದ ಕ್ಯಾನ್ಸರಿನಿಂದ ಮೆಹರ್‌ಬಾಯಿ ಟಾಟಾ ತೀರಿಕೊಂಡರು, ಮರುವರ್ಷ ಅವರ ಪತಿ ದೊರಾಬ್ಜಿಯವರೂ. ಅವರ ಹೆಸರಿನ ಟ್ರಸ್ಟು 1941ರಲ್ಲಿ ಅದನ್ನು ತೆರೆಯಿತು.) ಔಷಧದಿಂದ ಅಂಥವರೂ ವರ್ಷಗಟ್ಟಲೆ ಬಾಳುವುದುಂಟು, ಆದರೆ ಎಲ್ಲಿ ನಿಲ್ಲಿಸಬೇಕು ಎಂಬ ಮಾತು ಬಂದಾಗ, ನೋವಿಗೆ ಮದ್ದು ಕೊಡಿ, ಉಳಿದದ್ದು ಸಾಕು, ಊರಿನ ಮನೆಯ ಜಗುಲಿಯ ಮೇಲೆ ಕೂರಬೇಕು ಎಂದು ಅವಳು ಹೇಳಿದರೆ, ಆ 'ಬೇಡ'ದೆದುರು ನಾವು ತಲೆಬಾಗಬೇಕು. ಅಳುತ್ತಲಾದರೂ ಸರಿ.

ಊರಿನಿಂದ ಬರುವ ಫೋನುಗಳ ಬಗ್ಗೆ ಹೆಚ್ಚು ಹೇಳಬೇಕಾಗಿಲ್ಲ. ಸೂಜಿ ಚುಚ್ಚಿದರೆ ಹರಡುತ್ತದಂತೆ, ಘಟ್ಟದ ಕೆಳಗೊಬ್ಬರು ತೊಗಟೆಯ ಕಷಾಯ ಕೊಡುತ್ತಾರಂತೆ, ಚಿಕ್ಕಪ್ಪನ ಷಡ್ಡಕನಿಗೆ ಗುಣವಾಯಿತಂತೆ. ಅಕ್ಕರೆಯಿಂದ ಹೇಳುವವರ ಮೇಲೆ ಸಿಟ್ಟಾಗುವುದು ಬೇಡ. ಆದರೆ ಬಯಾಪ್ಸಿಯಿಲ್ಲದೆ ಚಿಕಿತ್ಸೆಯ ದಾರಿಯೇ ತೆರೆಯುವುದಿಲ್ಲ, ಮತ್ತು ಕಷಾಯವನ್ನು ನಂಬಿ ಕಳೆದ ಮೂರು ತಿಂಗಳು ಮೊದಲ ಹಂತದ ಗಂಟನ್ನು ಮೂರನೆಯ ಹಂತಕ್ಕೆ ಒಯ್ಯಬಲ್ಲದು. ಅವಳೇ ಆ ದಾರಿ ಹಿಡಿಯುತ್ತೇನೆಂದರೆ ಗಂಡ ವಾದಿಸಬಹುದು, ಜಗಳವಾಡಬಹುದು, ಅವಳ ಅಕ್ಕನನ್ನು ಊರಿನಿಂದ ಕರೆಸಬಹುದು. ಸುಳ್ಳು ಹೇಳಿ ಆಪರೇಷನ್ ಕೋಣೆಗೆ ಸಾಗಿಸುವುದು ಮಾತ್ರ ಕೂಡದು.

ಇನ್ನು ಮಕ್ಕಳು. ಈ ಒಂದು ಕಡೆ ಸತ್ಯ ಅವಳೊಬ್ಬಳ ಸ್ವತ್ತಲ್ಲ. ಸ್ತನದ ಕ್ಯಾನ್ಸರಿನಲ್ಲಿ ವಂಶವಾಹಿಯಾಗಿ ಬರುವುದು ನೂರಕ್ಕೆ ಐದರಿಂದ ಹತ್ತರಷ್ಟು ಮಾತ್ರ. ಆದರೆ ತಾಯಿಗೆ ಚಿಕ್ಕ ವಯಸ್ಸಿನಲ್ಲೇ ಬಂದಿದ್ದರೆ, ಚಿಕ್ಕಮ್ಮನಿಗೋ ಸೋದರತ್ತೆಗೋ ಇದ್ದರೆ, ಮಗಳು ಅದನ್ನು ತಿಳಿದು ತನ್ನ ಡಾಕ್ಟರರಿಗೆ ಹೇಳಬೇಕಾಗುತ್ತದೆ. ನಮ್ಮ ಜನ ಮುಚ್ಚಿಡುವುದು ಸಂಬಂಧ ತಪ್ಪಿಹೋದೀತೆಂಬ ಅಂಜಿಕೆಯಿಂದ. ಜಾತಕ ಕೊಡುವಾಗ ಹುಡುಗಿಯ ಬಣ್ಣದ ಬಗ್ಗೆ ಎರಡು ಸಾಲು ಹೆಚ್ಚೇ ಬರೆಯುವವರು ಅವಳ ತಾಯಿಯ ಎದೆಯ ಗಾಯದ ಬಗ್ಗೆ ಅವಳಿಗೇ ತಿಳಿಸಿರುವುದಿಲ್ಲ. ಹದಿನೆಂಟು ದಾಟಿದ ಹುಡುಗಿ. ಮನೆಯಲ್ಲಿ ಪಿಸುಮಾತು ಕೇಳುತ್ತಾಳೆ, ಔಷಧದ ಪಟ್ಟಿಯ ಮೇಲಿನ ಹೆಸರು ಓದಬಲ್ಲಳು, ಗೊತ್ತಿಲ್ಲದವಳಂತೆ ನಟಿಸುತ್ತಾಳೆ. ಎರಡು ಕೋಣೆಯ ಮನೆಯಲ್ಲಿ ಮೂವರೂ ಒಬ್ಬರಿಗಾಗಿ ಒಬ್ಬರು ನಟಿಸುತ್ತ ಎಷ್ಟು ದಿನ ಇರಲಾದೀತು? ಅವಳನ್ನು ಕೂರಿಸಿಕೊಂಡು ಹೇಳುವವಳು ತಾಯಿಯೇ ಆದರೆ ಚೆನ್ನ, ಅವಳದೇ ಮಾತಿನಲ್ಲಿ, ಅವಳಿಗೆ ತೋಚಿದಷ್ಟು. ಅಪ್ಪ ಅಷ್ಟು ಹೊತ್ತು ಅಡಿಗೆಮನೆಯಲ್ಲಿ ಕುಕ್ಕರಿನ ಸೀಟಿ ಎಣಿಸುತ್ತ ನಿಂತಿರಬಹುದು.